ದಾರಿಯೂ ತೋಪೂ

ನದಿಯ ವಿಷಯವಾಗಿ ಬರೆಯಹೊರಟ ನಮ್ಮ ಸೀಮೆಯವನು ಮೊದಲು ವಾಚಕರಲ್ಲಿ ಕ್ಷಮೆ ಕೇಳಿಕೊಳ್ಳುವುದು ಒಳ್ಳೆಯದು. ತುಂಗೆಯ ದಂಡೆಯವರು ನದಿಯೆಂದರೆ ನೀರನ್ನು ನೆನೆಯುತ್ತಾರೆ. ರಾಯದುರ್ಗದ ಕಡೆಯ ನಾವು ಹಗರಿಯೆಂದರೆ ಮರಳನ್ನು ನೆನೆಯುತ್ತೇವೆ. ವೇದಾವತಿಯೆಂಬ ಅಂದವಾದ ಹೆಸರು ಅದಕ್ಕಿದೆ; ತರಗತಿಯಲ್ಲಿ ಮಕ್ಕಳಿಗೆ ಅದನ್ನೇ ಹೇಳಿಕೊಡುತ್ತೇವೆ. ಆದರೆ 1907ರಲ್ಲಿ ಮಾರಿಕಣಿವೆಯ ಕಟ್ಟೆ ಮುಗಿದು, ಮುಂದೆ ಭೈರವಾನತಿಪ್ಪೆಯಲ್ಲಿ ಮತ್ತೊಂದು ಅಣೆಕಟ್ಟು ಎದ್ದ ಮೇಲೆ, ಕೆಳಗಿನವರ ಪಾಲಿಗೆ ಬಹುಮಟ್ಟಿಗೆ ಉಳಿದದ್ದು ಆ ಹೆಸರು ಮತ್ತು ಮರಳು. ಕಣೇಕಲ್ಲು, ಬೊಮ್ಮನಹಾಳುಗಳ ಕಡೆ ಗಾಳಿಗೆ ಹಾರಿ ಬಂದ ಆ ಮರಳು ಹೊಲಗಳ ಮೇಲೆ ದಿಬ್ಬವಾಗಿ ಕುಳಿತಿರುವುದನ್ನು ಕಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. 2022ರಲ್ಲಿ ವಾಣೀವಿಲಾಸ ಸಾಗರವು 89 ವರ್ಷಗಳ ತರುವಾಯ ಕೋಡಿ ಹರಿದು, ಆ ನೀರು ನಮ್ಮ ಕಡೆಗೂ ಬಂದಾಗ, ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋಗಿ ತೋರಿಸಿದೆ. “ಸಾರ್, ಇದು ದಿನಾಲೂ ಹಿಂಗೇ ಇರ್ತದಾ?” ಎಂದು ಒಬ್ಬ ಹುಡುಗ ಕೇಳಿದನು. ನಾನು ಉತ್ತರ ಹೇಳದೆ ಹಾಜರಿ ಕರೆಯತೊಡಗಿದೆ.

ಇಂಥ ಸೀಮೆಯಲ್ಲಿ ಹಳ್ಳದ ದಂಡೆಯ ಮೇಲೆ ಜನ ನಡೆದಾಡಲು ಒಂದು ದಾರಿ ಬೇಕೆಂದು ಅರ್ಜಿ ಬರೆದವನು ನಾನೇ. ಊರಿನ ಹೆಸರನ್ನು ಹೇಳುವುದಿಲ್ಲ. ಹೇಳಿದರೆ ನನ್ನ ಮಿತ್ರರೇ ನೊಂದುಕೊಂಡಾರು. ಊರಿನ ಪಡುವಣ ಅಂಚಿನಲ್ಲಿ ಒಂದು ಹಳ್ಳ. ಮಳೆ ಬಂದ ನಾಲ್ಕು ದಿನ ಹರಿದು, ಉಳಿದ ದಿನಗಳಲ್ಲಿ ಊರಿನ ಬಚ್ಚಲ ನೀರಿಗೆ ಆಶ್ರಯವಾಗಿರುತ್ತದೆ. ಅದರ ದಂಡೆಯಲ್ಲಿ ಹಿಂದಿನವರು ಯಾರೋ ಪುಣ್ಯಾತ್ಮರು ಬೆಳೆಸಿದ ಹೊಂಗೆಯ ತೋಪು. ನಡುನಡುವೆ ಬೇವು, ಒಂದೆರಡು ಅರಳಿ. ಹೊಂಗೆಯ ಹೂ ಉದುರುವ ಕಾಲದಲ್ಲಿ ನೆಲವೆಲ್ಲ ಅಕ್ಷತೆ ಚೆಲ್ಲಿದಂತೆ ಕಾಣುತ್ತಿತ್ತು. ಪರಿಸರದ ಪಾಠವನ್ನು ನಾನು ಎಷ್ಟೋ ಸಲ ಅಲ್ಲಿಯೇ ಮಾಡಿದ್ದೇನೆ. ಹಳ್ಳದ ಆಚೆಗೆ ಬಡವರ ಕಾಲೊನಿ. ಅಲ್ಲಿಯ ಮಕ್ಕಳು ಶಾಲೆಗೆ ಬರಬೇಕಾದರೆ ಲಾರಿಗಳು ಓಡಾಡುವ ಹೆದ್ದಾರಿಯ ಅಂಚಿನಲ್ಲಿಯೇ ಬರಬೇಕು. ದಂಡೆಯ ಮೇಲೆ ದಾರಿಯಾದರೆ ಮಕ್ಕಳಿಗೆ ಕ್ಷೇಮ, ಮುದುಕರಿಗೆ ಸಂಜೆಯ ಗಾಳಿ, ಊರಿಗೊಂದು ಶೋಭೆ ಎಂದು ಅರ್ಜಿಯಲ್ಲಿ ಬರೆದೆ. ಶೋಭೆ ಎಂಬ ಪದವನ್ನು ಬರೆದು, ಹೊಡೆದು, ಮತ್ತೆ ಬರೆದದ್ದು ಈಗಲೂ ನೆನಪಿದೆ. ಅರ್ಜಿಗಳಲ್ಲಿ ಅದು ಫಲ ಕೊಡುವ ಪದ.

ಫಲ ಕೊಟ್ಟಿತು. ಎರಡು ವರ್ಷದೊಳಗೆ ದಾರಿ ಬಂದಿತು. ಮಣ್ಣು ಹೇರಿ, ಎತ್ತರಿಸಿ, ಮೇಲೆ ಸಿಮೆಂಟಿನ ಬಿಲ್ಲೆಗಳನ್ನು ಹಾಸಿದರು. ಕಬ್ಬಿಣದ ಬೇಲಿ ನಿಲ್ಲಿಸಿದರು. ದೀಪದ ಕಂಬಗಳನ್ನು ನೆಟ್ಟರು. ಉದ್ಘಾಟನೆಯ ದಿನ ನಮ್ಮ ಮಕ್ಕಳೇ ಸ್ವಾಗತಗೀತೆ ಹಾಡಿದರು. ಆದರೆ ಹಣ ಕಾಲೊನಿಯವರೆಗೆ ಸಾಲಲಿಲ್ಲ. ದಾರಿ ತೋಪಿನ ಕೊನೆಗೆ ಬಂದು ನಿಂತುಬಿಟ್ಟಿತು. ಯಾರಿಗಾಗಿ ಅರ್ಜಿ ಬರೆದೆನೋ ಆ ಮಕ್ಕಳು ಮೊದಲಿನಂತೆಯೇ ಹೆದ್ದಾರಿಯಲ್ಲಿ ಬರುತ್ತಿದ್ದರು.

ಇದು ಒಂದು ಕಡೆ. ಇನ್ನೊಂದು ಕಡೆಯನ್ನು ಬರೆಯಲು ನನಗೆ ಸಂಕೋಚವಾಗುತ್ತದೆ. ದಾರಿಯಾದ ಎರಡನೆಯ ಬೇಸಿಗೆಗೆ ತೋಪಿನ ಹೊಂಗೆಗಳು ತುದಿಯಿಂದ ಒಣಗತೊಡಗಿದವು. ರೋಗವೆಂದರು, ದೃಷ್ಟಿಯೆಂದರು. ತೋಪಿನ ಪಕ್ಕದಲ್ಲಿ ಕುರಿ ಕಾಯುವ ಒಬ್ಬ ಮುದುಕನು ಒಂದು ದಿನ ನನ್ನನ್ನು ಕರೆದು, “ಮೇಷ್ಟ್ರೇ, ಮೇಲಿನ ನೀರು ತ್ವಾಪಿನಾಕ ಬರಾ ದಾರಿ ಎಲ್ಲೈತಿ, ತೋರಿಸ್ರಿ ನೋಡಾನ” ಎಂದನು. ಆಗ ನನ್ನ ಕಣ್ಣು ತೆರೆಯಿತು. ಮಳೆಗಾಲದಲ್ಲಿ ಊರ ಮೇಲಿನ ಇಳಿಜಾರಿನಿಂದ ಹರಿದು ಬಂದ ನೀರು ಮೊದಲು ತೋಪಿನಲ್ಲಿ ಹರಡಿಕೊಂಡು, ನಿಂತು, ಇಂಗಿ, ಮಿಕ್ಕದ್ದು ಹಳ್ಳಕ್ಕೆ ಇಳಿಯುತ್ತಿತ್ತು. ಅನಂತಪುರದ ಮಳೆಯೆಂದರೆ ವರ್ಷಕ್ಕೆ ಸುಮಾರು 550 ಮಿಲಿಮೀಟರು, ಅದೂ ಬಂದರೆ. ಆ ನಾಲ್ಕು ಮಳೆಯ ನೀರನ್ನು ಕುಡಿದೇ ಹೊಂಗೆ ಎಂಟು ತಿಂಗಳ ಬಿಸಿಲನ್ನು ತಡೆಯಬೇಕು. ನಮ್ಮ ದಾರಿ ಊರಿಗೂ ತೋಪಿಗೂ ನಡುವೆ ಕೆರೆಯ ಏರಿಯಂತೆ ಎದ್ದು ನಿಂತಿತ್ತು. ಅಡಿಯಲ್ಲಿ ಒಂದೇ ಒಂದು ಮೋರಿಯಿತ್ತು. ಅದೂ ಪ್ಲಾಸ್ಟಿಕ್ಕಿನಿಂದ ಕಟ್ಟಿಕೊಂಡಿತ್ತು. ಅದನ್ನು ತೆಗೆಯುವುದು ಯಾರ ಕೆಲಸ? ಕಟ್ಟಿದವರ ಕೆಲಸ ಕಟ್ಟುವುದರೊಂದಿಗೆ ಮುಗಿದಿತ್ತು. ಉದ್ಘಾಟನೆಯ ದಿನ ಮಕ್ಕಳಿಂದ ನೆಡಿಸಿದ ಎಳೆಯ ಗಿಡಗಳಲ್ಲಿ ಹೆಚ್ಚಿನವು ಆ ಬೇಸಿಗೆಯಲ್ಲಿ ಸತ್ತವು. ಗಿಡ ಸತ್ತ ಜಾಗದಲ್ಲಿ ಯಾರೂ ನೆಡದೆ, ಯಾರೂ ನೀರೆರೆಯದೆ ಬಳ್ಳಾರಿ ಜಾಲಿ ಎದ್ದಿತು. ಅದಕ್ಕೆ ಯಾವ ನಿಧಿಯೂ ಬೇಕಾಗಿಲ್ಲ.

ಈ ಪೇಚು ನಮ್ಮೊಂದು ಊರಿನದು ಮಾತ್ರವಲ್ಲವೆಂದು ಅನಂತರ ತಿಳಿದುಕೊಂಡೆ. ಕಟ್ಟುವುದಕ್ಕೆ ಹಣ ಹುಟ್ಟುತ್ತದೆ, ಕಾಯುವುದಕ್ಕೆ ಹುಟ್ಟುವುದಿಲ್ಲ. ಕಟ್ಟಿದ್ದಕ್ಕೆ ಕಲ್ಲಿನ ಮೇಲೆ ಹೆಸರು ಕೆತ್ತಬಹುದು. ಮೋರಿ ಬಳಿದದ್ದಕ್ಕೆ ಯಾರು ಕಲ್ಲು ನೆಡುತ್ತಾರೆ? ಶಿವಮೊಗ್ಗೆಯಲ್ಲಿ ತುಂಗೆಯ ದಂಡೆ, ಮಂಗಳೂರಿನಲ್ಲಿ ನೇತ್ರಾವತಿಯ ದಂಡೆ, ಎರಡು ಕಡೆಯೂ ಸ್ಮಾರ್ಟ್ ಸಿಟಿ ಯೋಜನೆಯಿಂದ ನಡೆದಾಡುವ ದಾರಿಗಳು ಬಂದವು. 2015ರಲ್ಲಿ ಆರಂಭವಾದ ಆ ಯೋಜನೆ 2025ರ ಮಾರ್ಚಿಗೆ ಮುಕ್ತಾಯವಾಯಿತು. ನದಿಗೆ ಮುಕ್ತಾಯವಿಲ್ಲವಷ್ಟೆ. ಮುಂದಿನ ಹೂಳು, ಮುಂದಿನ ಕಸ, ಮುಂದಿನ ಪ್ರವಾಹ ಇವೆಲ್ಲ ನಗರಸಭೆಯ ಪಾಲಿಗೆ. ಬೆಂಗಳೂರಿನಲ್ಲಿ ಕಾಯುವ ಹಣಕ್ಕೆ ಬೇರೊಂದು ಉಪಾಯ ಹುಡುಕಿದ್ದರು. 2004ರಿಂದೀಚೆಗೆ ಹೆಬ್ಬಾಳ, ನಾಗವಾರ ಮೊದಲಾದ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟರು: ಅವರು ಕೆರೆಯನ್ನು ನೋಡಿಕೊಳ್ಳಲಿ, ವಿಹಾರಕ್ಕೆ ಬಂದವರಿಂದ ಹಣ ಪಡೆಯಲಿ ಎಂದು. ಚೀಟಿ ಕೊಂಡವನಿಗೆ ಮಾತ್ರ ಕೆರೆಯೆಂದರೆ ಮೀನು ಹಿಡಿಯುವವನು, ದನ ಕಾಯುವವನು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆ 2008ರಲ್ಲಿ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿತು. ಹಣ ಬೇಕೆಂಬುದು ನಿಜ. ಯಾವ ಬಾಗಿಲಿನಿಂದ ಬರುತ್ತದೆಂಬುದನ್ನು ನೋಡದೆ ಒಳಕ್ಕೆ ಕರೆಯಬಾರದು.

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಮಾತನ್ನು ಕನ್ನಡದ ಉಪಾಧ್ಯಾಯನಾದವನು ಹೇಳದೆ ಮುಂದಕ್ಕೆ ಹೋಗಲಾರನು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಕೆರೆ ಅದು. ಕುವೆಂಪು ಅವರು ಅದರ ಏರಿಯ ಮೇಲೆ ತಿರುಗಾಡುತ್ತಿದ್ದರು. ಒಂದು ಸಲ ನಾನೂ ಅಲ್ಲಿ ನಡೆದಿದ್ದೇನೆ. ಬರಿಯ ಮಣ್ಣಿನ ದಾರಿಯಲ್ಲಿ ನಡೆಯುವುದರಿಂದ ಯಾರ ಗೌರವವೂ ಕುಂದುವುದಿಲ್ಲವೆಂಬುದು ನನಗೆ ಮೊದಲು ಹೊಳೆದದ್ದು ಆಗ.

ನಾನು ಶಿಕ್ಷಕ ತರಬೇತಿಗೆಂದು ಬುಕ್ಕಪಟ್ಟಣದಲ್ಲಿದ್ದಾಗ ಸಂಜೆಯ ಹೊತ್ತು ಅಲ್ಲಿಯ ದೊಡ್ಡ ಕೆರೆಯ ಏರಿಯ ಮೇಲೆ ಹೋಗಿ ಕುಳಿತುಕೊಳ್ಳುತ್ತಿದ್ದೆ. ಚಿತ್ರಾವತಿಯ ನೀರಿನ ಆ ಕೆರೆ ವಿಜಯನಗರದ ಕಾಲದ್ದು. ಇಷ್ಟು ಶತಮಾನ ಇದನ್ನು ಯಾರು ಕಾಯ್ದರು, ಏನು ಕೂಲಿ ಪಡೆದರು ಎಂಬ ಪ್ರಶ್ನೆ ಆ ವಯಸ್ಸಿನಲ್ಲಿ ನನಗೆ ಹುಟ್ಟಲಿಲ್ಲ. ಪಾಠಯೋಜನೆ ಬರೆಯುವ ಚಿಂತೆಯೇ ಸಾಕಾಗಿತ್ತು. ತೋಪು ಒಣಗಿದ ಮೇಲೆ ಹುಟ್ಟಿತು. ನಮ್ಮ ರಾಯಲಸೀಮೆಯಲ್ಲಿ ದಶಬಂಧ ಇನಾಮು ಎಂಬುದೊಂದಿತ್ತು. ಕೆರೆಯನ್ನು ಕಟ್ಟಿದವನಿಗೆ ಅಥವಾ ದುರಸ್ತಿ ಮಾಡಿದವನಿಗೆ ಒಂದಷ್ಟು ಭೂಮಿಯನ್ನು ಬಿಟ್ಟುಕೊಡುವುದು. ಅದರ ಫಲವನ್ನುಂಡು ಅವನೂ ಅವನ ಸಂತತಿಯವರೂ ಕೆರೆಯನ್ನು ಸುಸ್ಥಿತಿಯಲ್ಲಿಡುವುದು. ಕನ್ನಡದ ಶಾಸನಗಳ ಕಟ್ಟುಕೊಡಗೆಯೂ ಇದೇ ಜಾತಿಯದು. ಇನಾಮನ್ನುಂಡು ಕೆರೆಯನ್ನು ಮರೆತವರು ಇರಲಿಲ್ಲವೆಂದಲ್ಲ. ಬ್ರಿಟಿಷರ ಕಾಲದ ಅಧಿಕಾರಿಗಳು ಅದನ್ನೇ ದೂರಿ ಬರೆದಿದ್ದಾರೆ. ಆದರೂ ಕಟ್ಟುವ ದಿನವೇ ಕಾಯುವವನ ಅನ್ನವನ್ನು ಕುರಿತು ಯೋಚಿಸಿದರಲ್ಲ, ಆ ಬುದ್ಧಿ ದೊಡ್ಡದು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನವಿದೆ. ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಗೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷ ಹಿಡಿಯಿತೆಂದು ಅದರಲ್ಲಿದೆ. ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಅದು ಎಣಿಸುತ್ತದೆ. ಎರಡು ರಾಜ್ಯಗಳ ಗಡಿಯಲ್ಲಿರುವುದು ಆ ಆರು ದೋಷಗಳಲ್ಲೊಂದು! ಓದಿದಾಗ ನಗು ಬಂದಿತು. 1953ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ಬಂದ ರಾಯದುರ್ಗ ಮತ್ತು 2022ರಲ್ಲಿ ಅನಂತಪುರವನ್ನೂ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರಾ, ಇವೆರಡರ ನಡುವೆ ಓಡಾಡುವ ನನ್ನಂಥ ಕನ್ನಡ ಉಪಾಧ್ಯಾಯನಿಗೆ ಆ ದೋಷ ಜಾತಕದಲ್ಲಿಯೇ ಬರೆದಿದೆ.

ದಶಬಂಧದ ಬುದ್ಧಿ ಈಗಿನ ಕಾಲಕ್ಕೆ ಹೊಂದದು ಎನ್ನುವವರಿಗೆ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಎಂಬ ಊರನ್ನು ತೋರಿಸಬಹುದು. 1992ರಲ್ಲಿ ಅಲ್ಲಿಯ ಉದ್ಯಾನಗಳನ್ನೂ ನದಿಯ ಕಣಿವೆಗಳನ್ನೂ ಒಂದು ದತ್ತಿಸಂಸ್ಥೆಗೆ 999 ವರ್ಷಗಳ ಅವಧಿಗೆ ಒಪ್ಪಿಸಿದರು. ಬರಿಗೈಯಲ್ಲಿ ಒಪ್ಪಿಸಲಿಲ್ಲ, ಬಾಡಿಗೆ ಬರುವ ಕಟ್ಟಡಗಳನ್ನೂ ಜೊತೆಗೆ ಕೊಟ್ಟರು. ಆ ಬಾಡಿಗೆಯಿಂದ ಮರಗಳ ಯೋಗಕ್ಷೇಮ ನಡೆಯುತ್ತದೆ. ನಮ್ಮ ಇನಾಮು ಭೂಮಿಗೂ ಇದಕ್ಕೂ ಏನು ಅಂತರ?

ಇಷ್ಟೆಲ್ಲ ತಿಳಿದುಕೊಂಡವನಿಗೆ ಪರೀಕ್ಷೆ ತಪ್ಪೀತೆ? ನಮ್ಮ ಶಾಲೆಯಲ್ಲಿ ಓದಿ ದೂರದಲ್ಲಿ ಕೆಲಸದಲ್ಲಿರುವ ಹಿರಿಯರೊಬ್ಬರು, ತಂದೆಯ ನೆನಪಿಗೆಂದು ಎರಡು ಲಕ್ಷ ರೂಪಾಯಿ ಕೊಡಲು ಮುಂದೆ ಬಂದರು. ಹಳ್ಳದ ದಂಡೆಗೆ ಉಪಯೋಗಿಸಿರಿ. ದಾರಿಗೋ ತೋಪಿಗೋ ನೀವೇ ನಿರ್ಧರಿಸಿರಿ ಎಂದರು. ನಾನು ಐದನೆಯ ತರಗತಿಯ ಕಪ್ಪುಹಲಗೆಯ ಮೇಲೆ ಲೆಕ್ಕ ಬರೆದೆ. ಎರಡು ಲಕ್ಷವನ್ನು ಬ್ಯಾಂಕಿನಲ್ಲಿಟ್ಟು ನೂರಕ್ಕೆ ಏಳರಂತೆ ಬಡ್ಡಿ ಬಂದರೆ ವರ್ಷಕ್ಕೆಷ್ಟು? ಹದಿನಾಲ್ಕು ಸಾವಿರ. ಮೋರಿ ತೆಗೆದು ಗಿಡಕ್ಕೆ ನೀರೆರೆಯುವವನಿಗೆ ತಿಂಗಳಿಗೆ ಮೂರೂವರೆ ಸಾವಿರವಾದರೆ ಎಷ್ಟು ತಿಂಗಳು? ನಾಲ್ಕು. ಫೆಬ್ರವರಿಯಿಂದ ಮೇವರೆಗೆ ಬೇಸಿಗೆ ಕಳೆಯಿತು! ಮಕ್ಕಳು ಚಪ್ಪಾಳೆ ತಟ್ಟಿದರು, ನಾನೂ ಬೀಗಿದೆ. ಕಾಲೊನಿಯ ಒಬ್ಬ ಹುಡುಗಿ ಮಾತ್ರ ಎದ್ದು ನಿಂತು, “ಹಂಗಾದ್ರೆ ನಾವು ರೋಡಲ್ಲೇ ಬರಬೇಕಾ ಸಾರ್?” ಎಂದಳು. ಅವಳು ದೂರುವ ಧ್ವನಿಯಲ್ಲಿ ಕೇಳಲಿಲ್ಲ, ಲೆಕ್ಕದ ಉತ್ತರವನ್ನು ಕೇಳುವಂತೆ ಕೇಳಿದಳು. ಅದರಿಂದಲೇ ನನಗೆ ಹೆಚ್ಚು ತಾಗಿತು.

ಸಭೆ ಸೇರಿತು. ದಾರಿಯ ಪಕ್ಷದವರು ಮಕ್ಕಳ ಜೀವಕ್ಕಿಂತ ಮರ ಹೆಚ್ಚೇ ಎಂದರು. ತೋಪಿನ ಪಕ್ಷದವರು, ಅಂದರೆ ನಾನು ಮತ್ತು ಮುಖ್ಯೋಪಾಧ್ಯಾಯರು, ಇರುವ ದಾರಿಯೇ ಮೋರಿ ಕಟ್ಟಿ ಕೆಡುತ್ತಿರುವಾಗ ಇನ್ನಷ್ಟು ದಾರಿ ಮಾಡಿ ಏನು ಫಲ ಎಂದೆವು. ಇಬ್ಬರ ಮಾತೂ ಸರಿಯಾಗಿದ್ದುದೇ ತೊಂದರೆ. ಕುರಿಯ ಮುದುಕನು ಬಾಗಿಲ ಬಳಿ ಕುಳಿತು ಕೇಳುತ್ತಿದ್ದನು. “ಬಿಲ್ಲೆ ಯಾಕ ಬೇಕ್ರಿ ಸ್ವಾಮಿ? ಮೊರಮು ಹಾಕ್ರಿ, ಸಾಕು. ನೀರು ಹರಿಯಾಕ ನಾಕು ಕಡೆ ತಗ್ಗು ಬಿಡ್ರಿ. ಮಳೆ ಬಂದ ದಿನ ಮಕ್ಕಳು ಕಾಲು ನೆನಸಿಕೆಂಡು ಬರ್ತಾವ, ಏನಾತು” ಎಂದನು. ಎಂಜಿನಿಯರಿಂಗ್ ಓದಿದ ಒಬ್ಬರು ನಕ್ಕರು. ಆಮೇಲೆ ಅವರೇ ಅಂದಾಜು ಹಾಕಿಕೊಟ್ಟರು. ಒಂದು ಲಕ್ಷಕ್ಕೆ ಮೊರಮಿನ ದಾರಿ, ಒಂದು ಲಕ್ಷ ಬ್ಯಾಂಕಿಗೆ ಎಂದು ತೀರ್ಮಾನವಾಯಿತು.

ಎರಡೂ ಅರೆಯಾದವು. ದಾರಿ ಕಾಲೊನಿಗೆ ಇನ್ನೂರು ಮೀಟರು ಈಚೆಗೆ ನಿಂತಿದೆ. ಆ ಇನ್ನೂರು ಮೀಟರಿನ ಹೆದ್ದಾರಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ನಾನು ನಿಂತಿರುತ್ತೇನೆ. ಸಂಜೆ ಮುಖ್ಯೋಪಾಧ್ಯಾಯರು ನಿಲ್ಲುತ್ತಾರೆ. ಬಡ್ಡಿ ವರ್ಷಕ್ಕೆ ಏಳು ಸಾವಿರ, ಅಂದರೆ ಎರಡು ತಿಂಗಳ ನೀರು. ಮಾರ್ಚಿ, ಏಪ್ರಿಲುಗಳಿಗೆ ಕೊಟ್ಟರೆ ಮೇ ತಿಂಗಳು ಬರಿದು. ಮೇ ತಿಂಗಳಲ್ಲಿ ಶಾಲೆಗೆ ರಜೆ, ಮಕ್ಕಳೂ ಇರುವುದಿಲ್ಲ. ರಜೆಯಲ್ಲಿ ನಾನು ಮಡಕಶಿರದ ಕಡೆಯ ನಮ್ಮೂರಿಗೆ ಹೋಗುವುದು ವಾಡಿಕೆ. ಈ ವರ್ಷ ಹೋಗಲಿಲ್ಲ. “ಗಿಡಕ್ಕೆ ನೀರು ಹಾಕೋಕೆ ಉಪಾಧ್ಯಾಯರೇ ಬೇಕೇನಪ್ಪಾ?” ಎಂದು ತಾಯಿ ಫೋನಿನಲ್ಲಿ ಕೇಳಿದರು. ಮುದುಕನೂ ನಾನೂ ದಿನ ಬಿಟ್ಟು ದಿನ ಬಿಂದಿಗೆ ಹೊತ್ತೆವು. ಹೊಸದಾಗಿ ನೆಟ್ಟ ಮೂವತ್ತು ಹೊಂಗೆಗಳಲ್ಲಿ, ಜೂನ್ ತಿಂಗಳ ಮೊದಲ ಮಳೆ ಬಿದ್ದ ಬೆಳಿಗ್ಗೆ ಎಣಿಸಿದಾಗ, ಇಪ್ಪತ್ತೊಂದು ಹಸಿರಾಗಿದ್ದವು. ಆ ಹುಡುಗಿ ಈಗ ಆರನೆಯ ತರಗತಿಗೆಂದು ಬೇರೆ ಶಾಲೆಗೆ ಹೋದಳು. ಅವಳ ತಮ್ಮನು ನಮ್ಮ ಎರಡನೆಯ ತರಗತಿಯಲ್ಲಿದ್ದಾನೆ. ಮಳೆ ಬಂದ ದಿನ ಮೊಣಕಾಲಿನವರೆಗೆ ಕೆಸರಾಗಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ತಗ್ಗಿನ ನೀರನ್ನು ದಾಟಿ ಬರುತ್ತಾನೆ.