ಹೇಳಲಾರದ ಮಾತು

ತರಗತಿಯಲ್ಲಿ ಮುಕ್ಕಾಲು ಗಂಟೆ ತಡೆಯಿಲ್ಲದೆ ಮಾತನಾಡುವುದು ನನ್ನ ವೃತ್ತಿ. ಶೃಂಗಾರರಸದ ಪದ್ಯಗಳಿಗೂ ಅಳುಕದೆ ಅರ್ಥ ಹೇಳಿದವನು ನಾನು. ಅಂಥವನು ವೈದ್ಯರ ಮುಂದೆ ಕುಳಿತು, "ಕೆಳಗೆ ಸ್ವಲ್ಪ ತೊಂದರೆ" ಎನ್ನುವಷ್ಟರಲ್ಲಿ ಬೆವೆತುಹೋಗಿದ್ದೆ.

ತೊಂದರೆ ತಲೆದೋರಿ ಆಗಲೇ ಎರಡು ವರ್ಷ ಸಂದಿತ್ತು. ಶಿಶ್ನದ ತುದಿಯಲ್ಲಿ ಬಿಳಿಯ ಮಚ್ಚೆ, ಆಗಾಗ ತುರಿಕೆ. ಬರಬರುತ್ತ ಮುಂದೊಗಲು ಬಿಗಿದುಕೊಂಡು ಹಿಂದೆ ಸರಿಯದಾಯಿತು. ಔಷಧದ ಅಂಗಡಿಯಲ್ಲಿ ಸುಳ್ಳು ಹೇಳಿ ತಂದ ಮುಲಾಮುಗಳನ್ನು ಹಚ್ಚಿದ್ದೂ ಆಯಿತು. ಹೆಂಡತಿಗೂ ತಿಳಿಸಿರಲಿಲ್ಲ. ನಾನು ದೂರ ಸರಿದುದನ್ನು ಆಕೆ ಬೇಸರವೆಂದು ಬಗೆದು ಒಳಗೊಳಗೇ ನೊಂದಿದ್ದಳು.

ವೈದ್ಯರು ಹಿರಿಯರು. "ಮೇಷ್ಟ್ರೇ, ಇದೇ ಮಚ್ಚೆ ಮೊಣಕೈ ಮೇಲೆ ಬಂದಿದ್ದರೆ ಎರಡು ವರ್ಷ ಕಾಯುತ್ತಿದ್ದಿರಾ?" ಎಂದರು.

ಈ ರೋಗದ ಹೆಸರು ಲೈಕೆನ್ ಸ್ಕ್ಲೆರೋಸಸ್. ಪುರುಷರಲ್ಲಿ ಕಾಣುವ ಇದನ್ನು 1928ರಲ್ಲಿ ಸ್ಟ್ಯೂಮರ್ ಎಂಬ ವೈದ್ಯನು ಬೇರೊಂದು ಹೆಸರಿನಿಂದ ವರ್ಣಿಸಿದ್ದನು. ಇದು ಅಂಟುರೋಗವಲ್ಲ, ನಡತೆಗೆ ಬಂದ ಶಿಕ್ಷೆಯೂ ಅಲ್ಲ. ಆದರೆ ಉರಿಯೂತ ವರ್ಷಗಟ್ಟಲೆ ಉಳಿದರೆ ಕೆಲವರಲ್ಲಿ ಅದೇ ಜಾಗದಲ್ಲಿ ಕ್ಯಾನ್ಸರ್ ಹುಟ್ಟುವುದುಂಟು. ಹೆಚ್ಚಿನವರಲ್ಲಿ ಹುಟ್ಟುವುದಿಲ್ಲ. ಮುಂದೊಗಲು ಬಿಗಿದಾಗ ಶುಚಿ ಮಾಡುವುದು ಕಷ್ಟ. ಒಳಗಿನ ಹುಣ್ಣು ಕಣ್ಣಿಗೂ ಬೀಳದು. ತಂಬಾಕು ಮತ್ತು ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ ಸೋಂಕು ಈ ಕ್ಯಾನ್ಸರಿಗೆ ಬೇರೆ ಕಾರಣಗಳು.

ಚರ್ಮದ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ಅಂದು ರಾತ್ರಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. "ಇಷ್ಟೇನಾ? ನನ್ನ ಮೇಲೇ ಬೇಸರವೇನೋ ಅಂದುಕೊಂಡಿದ್ದೆ" ಎಂದು ನಕ್ಕಳು, ಮರುಗಳಿಗೆಯಲ್ಲಿ ಕ್ಯಾನ್ಸರ್ ಎಂಬ ಮಾತು ನೆನಪಾಗಿ ಅತ್ತಳು. ಎಂಟು ದಿನ ಇಬ್ಬರೂ ಒಂದೇ ಭಯದಲ್ಲಿ ಬದುಕಿದೆವು. ಎರಡು ವರ್ಷ ಒಬ್ಬನೇ ಹೊತ್ತುದಕ್ಕಿಂತ ಅದು ಹಗುರವಾಗಿತ್ತು.

ಕ್ಯಾನ್ಸರ್ ಇರಲಿಲ್ಲ. ವೈದ್ಯರು ಕೊಟ್ಟ ಪ್ರಬಲವಾದ ಸ್ಟೀರಾಯ್ಡ್ ಮುಲಾಮಿನಿಂದ ತುರಿಕೆ ನಿಂತಿತು. ಬಿಗಿತ ಸಡಿಲದಿದ್ದುದರಿಂದ ಮುಂದೊಗಲನ್ನು ಶಸ್ತ್ರಕ್ರಿಯೆಯಿಂದ ತೆಗೆದರು. ಆದರೂ ಆಗಾಗ ತೋರಿಸಿಕೊಂಡು ಬರಬೇಕು. ಅಪಾಯ ತಗ್ಗಿದೆಯೇ ಹೊರತು ಪೂರ್ತಿ ಅಳಿದಿಲ್ಲ.

ವಾಚಕರಲ್ಲಿ ಯಾರಿಗಾದರೂ ಅಲ್ಲಿ ಮಾಯದ ಹುಣ್ಣು, ಗಂಟು, ರಕ್ತಸ್ರಾವ, ಬಣ್ಣಗೆಟ್ಟ ಚರ್ಮ ಕಂಡರೆ ವಾರಗಳನ್ನು ಎಣಿಸುತ್ತ ಕೂರಬಾರದು. ಬೇಗ ತಿಳಿದರೆ ಕ್ಯಾನ್ಸರನ್ನೂ ಬಹುಮಟ್ಟಿಗೆ ಗುಣಪಡಿಸಬಹುದು.

ಇದನ್ನು ಹೆಸರಿಲ್ಲದೆ ಕಳುಹಿಸಬೇಕೆಂದಿದ್ದೆ. "ಇನ್ನೂ ನಾಚಿಕೆಯೇ?" ಎಂದು ಹೆಂಡತಿ ಕೇಳಿದಳು. ಹೆಸರು ಬರೆದೇ ಅಂಚೆಗೆ ಹಾಕಿದೆ.