ಆ ಹುಡುಗನ ಅಪ್ಪ ಎಲ್ಲಿದ್ದರು?

‘ಎಂಪೈರ್ ಆಫ್ ದಿ ಸನ್’ ನೋಡಿದೀರಾ? ಸ್ಪೀಲ್‌ಬರ್ಗ್ 1987ರಲ್ಲಿ ತೆಗೆದ ಚಿತ್ರ. ನಾನು ನೋಡಿದ್ದು ಗೆಳೆಯನ ಮನೆಯಲ್ಲಿ, ಬಾಡಿಗೆ ಕ್ಯಾಸೆಟ್ಟಿನಲ್ಲಿ. ಯುದ್ಧದ ಕಾಲ. ಷಾಂಘೈ ಬೀದಿಯ ನೂಕುನುಗ್ಗಲಲ್ಲಿ ಹುಡುಗನ ಆಟದ ವಿಮಾನ ಕೈಜಾರುತ್ತೆ. ಅದನ್ನ ಎತ್ತಿಕೊಳ್ಳೋಕೆ ಅಮ್ಮನ ಕೈ ಬಿಡ್ತಾನೆ. ಮುಗೀತು! ಜಪಾನೀಯರ ಸೆರೆ ಶಿಬಿರದಲ್ಲಿ ಒಂಟಿಯಾಗಿ ಬೆಳೆದು, ಕೊನೆಗೆ ಹೆತ್ತವರ ಮುಖವನ್ನೇ ಮರೀತಾನೆ. ಆ ಪುಟ್ಟ ಕ್ರಿಶ್ಚಿಯನ್ ಬೇಲ್ (ಮುಂದೆ ಬ್ಯಾಟ್‌ಮನ್ ಆದನಲ್ಲ, ಅವನೇ) ಎಂಥಾ ಅಭಿನಯ ಅಂತೀರಿ! ಯಾರೂ ನೋಡದ ಹಾಗೆ ಕಣ್ಣೊರೆಸಿಕೊಂಡೆ.

ಅದು ಕಾದಂಬರಿ ಬರೆದ ಜೆ. ಜಿ. ಬ್ಯಾಲರ್ಡನ ಸ್ವಂತ ಬಾಲ್ಯ. 1930ರಲ್ಲಿ ಷಾಂಘೈಯಲ್ಲೇ ಹುಟ್ಟಿದ ಇಂಗ್ಲಿಷ್ ಹುಡುಗ. 1943ರಿಂದ 1945ರ ತನಕ ಲುಂಗ್ಹುವಾ ಶಿಬಿರದಲ್ಲಿದ್ದ. ಆದರೆ ಎಷ್ಟೋ ವರ್ಷದ ಮೇಲೆ ಒಂದು ಸಂಗತಿ ತಿಳಿದು ದಂಗಾದೆ. ಅಪ್ಪ, ಅಮ್ಮ, ತಂಗಿ ಎಲ್ಲರೂ ಶಿಬಿರದ ಅದೇ ಕೋಣೆಯಲ್ಲಿ ಅವನ ಜೊತೆಗೇ ಇದ್ದರಂತೆ!

ಮೋಸ ಅನ್ನಿಸಿತು. ನನ್ನ ಕಣ್ಣೀರು ದಂಡವಾಯ್ತಲ್ಲ ಸ್ವಾಮಿ!

ಆಮೇಲೆ ಬ್ಯಾಲರ್ಡ್ ಕೊಟ್ಟ ಕಾರಣ ಓದಿದೆ. ಶಿಬಿರದಲ್ಲಿ ಅಪ್ಪ ಅಮ್ಮನ ಕೈಯಲ್ಲಿ ಏನೂ ಇರಲಿಲ್ಲ. ಮಗನಿಗೆ ಅನ್ನ ಕೊಡೋಕೂ ಆಗದು, ಧೈರ್ಯ ಹೇಳೋಕೂ ಆಗದು. ಪಕ್ಕದಲ್ಲೇ ಮಲಗಿದ್ದರೂ ದೂರವಾದರು. ಕಥೆಯಲ್ಲಿ ಅವರನ್ನು ಬಿಟ್ಟದ್ದೇ ಮನಸ್ಸಿಗೆ ನಿಜ ಅನ್ನಿಸಿತಂತೆ.

ನನಗೆ ಮಾತು ಹೊರಡಲಿಲ್ಲ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮಪ್ಪ ಕೆಲಸ ಮಾಡ್ತಿದ್ದ ಮಿಲ್ಲು ಮುಚ್ಚಿತ್ತು. ಅವರು ದಿನವಿಡೀ ಗೋಡೆಗೊರಗಿ ಕೂತಿರೋರು. ಫೀಸು ಕೇಳೋಕೆ ನಾನು ಹೋಗ್ತಿದ್ದದ್ದು ಮಾವನ ಹತ್ತಿರ, ಅಪ್ಪನ ಎದುರಿಗೇ ದಾಟಿಕೊಂಡು.

ಇಷ್ಟನ್ನೂ ಒಳಗಿಟ್ಟುಕೊಂಡು ಬ್ಯಾಲರ್ಡ್ ಬರೆದದ್ದು ವೈಜ್ಞಾನಿಕ ಕಾದಂಬರಿಗಳನ್ನ. 1962ರ ‘ದಿ ಡ್ರೌನ್ಡ್ ವರ್ಲ್ಡ್’ನಲ್ಲಿ ಬಿಸಿಲಿನ ಝಳಕ್ಕೆ ಹಿಮ ಕರಗಿ ಲಂಡನ್ನೇ ನೀರಲ್ಲಿ ಮುಳುಗುತ್ತೆ. ಶಿಬಿರದ ಕಾದಂಬರಿ ಬಂದದ್ದು 1984ರಲ್ಲಿ. ಅಷ್ಟರಲ್ಲಿ ಅವನ ಬದುಕೂ ತಿರುಗಿತ್ತು. 1964ರಲ್ಲಿ ಹೆಂಡತಿ ತೀರಿಕೊಂಡಳು. ಶೆಪರ್ಟನ್ ಅನ್ನೋ ಊರಲ್ಲಿ ಮೂರು ಮಕ್ಕಳನ್ನು ಒಬ್ಬನೇ ಸಾಕಿದ. ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಬಂದು ಬರೆಯೋದು, ಸಂಜೆ ಅಡುಗೆ ಮಾಡೋದು! ಆ ಊರಿನ ಅಕ್ಕಪಕ್ಕದವರೇ ಕೆಲವರು ಚಿತ್ರದಲ್ಲಿ ಎಕ್ಸ್‌ಟ್ರಾಗಳಾಗಿದ್ದರು. ಚಿತ್ರೀಕರಣದ ವೇಳೆ ಬೇಲ್ ಬಂದು, ನಾನೇ ನೀವು ಅಂತ ಪರಿಚಯ ಹೇಳಿಕೊಂಡನಂತೆ. 2009ರಲ್ಲಿ ಬ್ಯಾಲರ್ಡ್ ತೀರಿಕೊಂಡ.

ಆ ವರ್ಷವೇ ಚಿತ್ರದ ಡಿವಿಡಿ ತಂದು ಅಪ್ಪನ ಜೊತೆ ಕೂತು ನೋಡಿದೆ. ಅವರಿಗೆ ಇಂಗ್ಲಿಷ್ ಬಾರದು. ಅರ್ಧದಲ್ಲಿ ಕೇಳಿದರು:

“ಅಲ್ಲ ಕಣೋ, ಈ ಹುಡುಗನ ಅಪ್ಪ ಎಲ್ಲಿ ಹೋದ?”

“ಅಲ್ಲೇ ಇದ್ರಂತೆ ಅಪ್ಪಾ” ಅಂದೆ.