ಮೊದಲ ದಿನ ಏನನ್ನೂ ನೋಡಬಾರದು

ಹೊಸ ಊರಿಗೆ ಕಾಲಿಟ್ಟ ದಿನ ಅಲ್ಲಿನ ಪ್ರಸಿದ್ಧವಾದದ್ದು ಯಾವುದನ್ನೂ ನೋಡಬಾರದು ಎಂಬುದು ನಾನೇ ಮಾಡಿಕೊಂಡ ಕಟ್ಟಳೆ. ಅರಮನೆ, ಮ್ಯೂಸಿಯಂ, ಗೋಪುರ ಎಲ್ಲವೂ ನಾಳೆಗೆ. ಮೊದಲ ದಿನ ಆ ಊರಿನವರು ದುಡಿಯಲು ಹೋಗುವ ಗಾಡಿ ಹತ್ತಿ, ಅವರ ನಡುವೆ ಸುಮ್ಮನೆ ಕೂತು, ಹೋಗಿ ಬರುವುದು. ಒಬ್ಬರೇ ತಿರುಗುವವರಿಗೆ ಮಾತ್ರ ದಕ್ಕುವ ಸುಖ ಇದು. ಜೊತೆಗೊಬ್ಬರಿದ್ದರೆ “ಇಷ್ಟು ರೊಕ್ಕ ಸುರಿದು ಬಂದದ್ದು ಬಸ್ಸಿನೊಳಗೆ ಕೂಡ್ಲಿಕ್ಕೇನು?” ಎಂಬ ಪ್ರಶ್ನೆ ಅರ್ಧ ತಾಸಿನೊಳಗೆ ಬಂದೇ ಬರುತ್ತದೆ. ನನ್ನ ಬಳಿ ಅದಕ್ಕೆ ಉತ್ತರವಿಲ್ಲ.

ಇಸ್ತಾಂಬುಲ್‌ನಲ್ಲಿ ಆ ಗಾಡಿ ನೀರಿನ ಮೇಲೆ ಓಡುತ್ತದೆ. ಅದಕ್ಕೆ ಅಲ್ಲಿಯವರು ವಾಪುರ್ ಅನ್ನುತ್ತಾರೆ. ಹಾಸ್ಟೆಲಿನ ಮಂಚದ ಕೆಳಗೆ ಬೆನ್ನಚೀಲ ತಳ್ಳಿ, ಹಗುರಾದ ಭುಜಗಳನ್ನು ಅಲುಗಾಡಿಸುತ್ತ ಇಳಿಜಾರಿನ ಕಲ್ಲುಹಾಸಿನ ಓಣಿಗಳಲ್ಲಿ ಕೆಳಕ್ಕೆ ನಡೆದೆ. ಈ ಊರಿನಲ್ಲಿ ದಾರಿ ಕೇಳುವ ಅಗತ್ಯ ಕಡಿಮೆ. ಇಳಿಯುತ್ತ ಹೋದರೆ ಎಲ್ಲಿಯಾದರೂ ಒಂದು ಕಡೆ ನೀರು ಸಿಗುತ್ತದೆ. ಪ್ರತಿ ಮೆಟ್ಟಿಲಿನ ಮೇಲೂ ಒಂದು ಬೆಕ್ಕು. ಅಂಗಡಿಯವರೇ ಅವಕ್ಕೆ ತಟ್ಟೆಯಲ್ಲಿ ಕಾಳು, ಬಟ್ಟಲಲ್ಲಿ ನೀರು ಇಟ್ಟಿರುತ್ತಾರೆ. ಹೀಗಾಗಿ ಅವು ಯಾರಿಗೂ ದಾರಿ ಬಿಡುವುದಿಲ್ಲ, ನಾವೇ ಬಳಸಿ ಹೋಗಬೇಕು.

ಗಲಾಟಾ ಸೇತುವೆಯ ಕಂಬಿಗುಂಟ ಗಾಳ ಹಿಡಿದವರ ಸಾಲು. ಪಕ್ಕದ ಪ್ಲಾಸ್ಟಿಕ್ ಬಕೀಟುಗಳಲ್ಲಿ ಬೆರಳುದ್ದದ ಇಸ್ತಾವ್ರಿತ್ ಮೀನುಗಳು ಮಿಂಚುತ್ತಿದ್ದವು. ಹಳೆಯ ಸೇತುವೆ 1992ರಲ್ಲಿ ಸುಟ್ಟುಹೋಯಿತು. ಈಗಿನದರ ಕಾಂಕ್ರೀಟಿನಲ್ಲಿ ಹೇಳಿಕೊಳ್ಳುವಂಥ ಚೆಲುವೇನಿಲ್ಲ. ಆದರೆ ಗಾಳದವರು ನೋಡಿದ್ದು ಸೇತುವೆಯನ್ನಲ್ಲವಲ್ಲ, ನೀರನ್ನು. ಅವರು ಮರಳಿ ಬಂದು ಅದೇ ಜಾಗ ಹಿಡಿದರು.

ಸೇತುವೆಯ ಈಚೆ ತುದಿಯ ಎಮಿನೋನು ದಕ್ಕೆಯಲ್ಲಿ ಕಾರ್ಡು ತಟ್ಟಿ ಒಳಹೊಕ್ಕೆ. ಹತ್ತುವಾಗ ಯುರೋಪು, ಇಪ್ಪತ್ತು ನಿಮಿಷ ಬಿಟ್ಟು ಕಡಿಕೊಯ್‌ನಲ್ಲಿ ಇಳಿದರೆ ಏಷ್ಯಾ. ಖಂಡ ದಾಟುತ್ತಿದ್ದೇವೆಂದು ಯಾರೂ ತಲೆ ಎತ್ತಲಿಲ್ಲ. ಒಬ್ಬಾಕೆ ತರಕಾರಿ ಚೀಲವನ್ನು ಕಾಲುಗಳ ನಡುವೆ ಇಟ್ಟುಕೊಂಡು ತೂಕಡಿಸುತ್ತಿದ್ದಳು. ಚಹಾದ ಹುಡುಗ ತಟ್ಟೆ ಹೊತ್ತು ಬಂದ. ನಡು ಸಣ್ಣಗಿನ ಗಾಜಿನ ಲೋಟ, ಹಾಲಿಲ್ಲದ ಕೆಂಪು ಚಹಾ, ಬಸಿಯಲ್ಲಿ ಎರಡು ಸಕ್ಕರೆ ಅಚ್ಚು. ಲೋಟಕ್ಕೆ ಹಿಡಿಕೆಯಿಲ್ಲ, ಅಂಚನ್ನು ಎರಡು ಬೆರಳಲ್ಲಿ ಹಿಡಿಯಬೇಕು. ಹೀಗಾಗಿ ಗಡಬಡಿಸಿ ಕುಡಿಯಲು ಬರುವುದಿಲ್ಲ, ಹಡಗೂ ಗಡಬಡಿಸುವುದಿಲ್ಲ. ಜೊತೆಗೆ ಸಿಮಿತ್: ಮೈತುಂಬ ಎಳ್ಳು ಮೆತ್ತಿಕೊಂಡ, ನಮ್ಮ ಕೋಡಬಳೆಯ ಹಿರಿಯಣ್ಣನಂಥ ರೊಟ್ಟಿ. ಜನ ಅದನ್ನು ಮುರಿದು ಗಾಳಿಗೆ ಎಸೆಯುತ್ತಾರೆ, ಹಡಗಿನ ಸಮಕ್ಕೆ ಹಾರುವ ಕಡಲಹಕ್ಕಿಗಳು ಹಾರುತ್ತಲೇ ಕಚ್ಚುತ್ತವೆ. ನಾನು ಒಂದು ಚೂರನ್ನೂ ಕೊಡಲಿಲ್ಲ. ಹಸಿವು ಹಾಗಿತ್ತು.

ಹಡಗು ಎದುರು ದಂಡೆಗೆ ನೆಟ್ಟಗೆ ಹೋಗಲಿಲ್ಲ, ಮೂತಿಯನ್ನು ಕೊಂಚ ಎಡಕ್ಕೆ ಹಿಡಿದು ಸಾಗಿತು. ಇಲ್ಲಿಯ ನೀರಿಗೆ ತನ್ನದೇ ಹಟವಿದೆ. ಬೋಸ್ಫರಸ್ ಸುಮಾರು ಮೂವತ್ತು ಕಿಲೋಮೀಟರ್ ಉದ್ದದ ಕಡಲ ಕಿರುದಾರಿ, ತೀರ ಕಿರಿದಾದಲ್ಲಿ ಒಂದು ಕಿಲೋಮೀಟರೂ ಅಗಲವಿಲ್ಲ. ದೊಡ್ಡ ನದಿಗಳ ಸಿಹಿನೀರು ಬೆರೆತ ಕಪ್ಪು ಸಮುದ್ರ ಉಪ್ಪಿನಲ್ಲಿ ಹಗುರ, ಅದು ಮೇಲ್ಪದರದಲ್ಲಿ ದಕ್ಷಿಣಕ್ಕೆ ಹರಿಯುತ್ತದೆ. ಮರ್ಮರಾ ಸಮುದ್ರದ ಉಪ್ಪು ಹೆಚ್ಚಿದ ಭಾರದ ನೀರು ಅದರಡಿಯಲ್ಲೇ ನುಸುಳಿ ಉತ್ತರಕ್ಕೆ ಹರಿಯುತ್ತದೆ. ಒಂದೇ ಕಾಲುವೆಯಲ್ಲಿ ಎರಡು ಹೊಳೆ, ಒಂದರ ಮೇಲೊಂದು, ಎದುರುಬದುರು. ಬಲೆ ಬೀಸುವವರಿಗೆ ಇದು ಮೊದಲಿಂದಲೂ ಗೊತ್ತಿತ್ತು. ಮಾರ್ಸಿಲಿ ಎಂಬ ಇಟಲಿಯ ತರುಣ ಅವರ ಮಾತು ಕೇಳಿಸಿಕೊಂಡು, ತೂಕ ಕಟ್ಟಿದ ಹಗ್ಗ ಇಳಿಬಿಟ್ಟು ಅಳೆದು, 1681ರಲ್ಲಿ ಪುಸ್ತಕವನ್ನೇ ಬರೆದ. ಹಗ್ಗ ಒಂದಷ್ಟು ಆಳಕ್ಕೆ ಹೋದ ಮೇಲೆ ದಿಕ್ಕು ಬದಲಿಸಿದ್ದನ್ನು ಕಂಡಾಗ ಅವನ ಮುಖ ಹೇಗಿದ್ದಿರಬಹುದು ಎಂದು ಕಟಕಟೆಗೆ ಒರಗಿ ಯೋಚಿಸುತ್ತ ನಿಂತೆ. ಈಗ ಈ ನೀರಿನಡಿ ಮರ್ಮರಾಯ್ ರೈಲು ಕೂಡ ಓಡುತ್ತದೆ, ನಾಲ್ಕೇ ನಿಮಿಷದಲ್ಲಿ ಆಚೆ ದಡ. ಆ ದಾರಿಗಾಗಿ ಯೆನಿಕಪಿಯಲ್ಲಿ ಅಗೆದಾಗ ಬೈಜಾಂಟಿಯಮ್ ಕಾಲದ 37 ಹಡಗುಗಳು ಮಣ್ಣಿನಲ್ಲಿ ಸಿಕ್ಕಿ, ಕಾಮಗಾರಿ ವರ್ಷಗಟ್ಟಲೆ ತಡವಾಯಿತು. ಸುರಂಗ ತೋಡುವವರನ್ನು ಹಳೆಯ ಹಡಗುಗಳೇ ತಡೆದವು ಅನ್ನುವುದು ನನಗೇಕೋ ಬಹಳ ಹಿಡಿಸಿತು.

ಇದೇ ಊರಿನ ಲೇಖಕ ಒರ್ಹಾನ್ ಪಾಮುಕ್ ತಮ್ಮ ಇಸ್ತಾಂಬುಲ್ ನೆನಪುಗಳಲ್ಲಿ, ಇಲ್ಲಿ ಹಾಯುವ ಹಡಗುಗಳನ್ನು ಎಣಿಸುವ ತಮ್ಮ ಚಟದ ಬಗ್ಗೆ ಬರೆದಿದ್ದಾರೆ. ನಾನೂ ಶುರುಮಾಡಿದೆ. ನಡುವೆ ಪಕ್ಕದ ಅಜ್ಜ ಮಾತಿಗೆ ಇಳಿದು ಲೆಕ್ಕ ತಪ್ಪಿತು.

“ಹಿಂದಿಸ್ತಾನ್?” ಎಂದ. ಹೌದೆಂದು ತಲೆಯಾಡಿಸಿದೆ. ಮುಖ ಅರಳಿತು. “ಆವಾರೆ! ರಾಜ್ ಕಪೂರ್!” 1951ರ ಆ ಸಿನಿಮಾ ತುರ್ಕಿಯಲ್ಲಿ ಎಷ್ಟು ಓಡಿತೆಂದರೆ ಮುಂದೆ ಅವರೇ ಅದನ್ನು ತಮ್ಮ ಭಾಷೆಯಲ್ಲಿ ಇನ್ನೊಮ್ಮೆ ತೆಗೆದರು. ಅಜ್ಜ ಶೀರ್ಷಿಕೆಗೀತೆಯ ಧಾಟಿ ಹಿಡಿದ. ಮಾತು ಅವನದು ತುರ್ಕಿ, ನನ್ನದು ತೊದಲು ಹಿಂದಿ, ರಾಗವೊಂದೇ. ತರಕಾರಿಯಾಕೆ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದಳು.

ಅವನಿಗೆ ನಮ್ಮೂರಿನ ಹೆಸರು ಹೇಳಲು ಬಹಳ ಆಸೆಯಿತ್ತು. ವಿಜಯಪುರದ ಆದಿಲಶಾಹಿಯನ್ನು ಕಟ್ಟಿದ ಯೂಸುಫ್, ಉಸ್ಮಾನಿ ಸುಲ್ತಾನ ಎರಡನೆಯ ಮುರಾದನ ಮಗನಂತೆ. ಪಟ್ಟಕ್ಕೇರಿದ ಅಣ್ಣನ ಕೈಯಿಂದ ತಾಯಿ ಅವನನ್ನು ಕದ್ದು ಪಾರುಮಾಡಿದಳಂತೆ. ಆ ಅಣ್ಣನೇ 1453ರಲ್ಲಿ ಈ ಊರನ್ನು ಗೆದ್ದ ಮೆಹ್ಮದ್. ಕಥೆ ಹಳೆಯ ಚರಿತ್ರೆಕಾರ ಫೆರಿಶ್ತಾನದು, ಈಗಿನ ಇತಿಹಾಸಕಾರರು ನಂಬುವುದಿಲ್ಲ. ನಂಬಲೇಬೇಕೆಂದಿಲ್ಲ, ಆದರೂ ನಮ್ಮೂರಿನ ಉಪ್ಪಲಿ ಬುರುಜು, ಮಲಿಕ್-ಎ-ಮೈದಾನ ತೋಪು ನೋಡುತ್ತ ಬೆಳೆದವರಿಗೆ ಇಂಥ ಕಥೆ ಬಿಡಲು ಮನಸ್ಸಾಗುವುದಿಲ್ಲ. ಆ ತೋಪನ್ನು 1549ರಲ್ಲಿ ಎರಕ ಹೊಯ್ದವನ ಹೆಸರಿನ ಕೊನೆಗೂ ರೂಮಿ ಎಂದಿದೆ, ಅಂದರೆ ಈ ಸೀಮೆಯವನು. ಇಷ್ಟೆಲ್ಲ ಹೇಳಲು ನನ್ನ ತುರ್ಕಿ ಎಲ್ಲಿ ಸಾಕು? ಇನ್ನೆರಡು ಚಹಾ ಹೇಳಿದೆ.

ಕಡಿಕೊಯ್ ಹತ್ತಿರವಾದಂತೆ ನೀರಿನಂಚಿಗೆ ಹೈದರ್‌ಪಾಶಾ ರೈಲು ನಿಲ್ದಾಣ ಎದ್ದುಬಂತು. ಜರ್ಮನ್ ವಾಸ್ತುಶಿಲ್ಪಿಗಳು ಕಟ್ಟಿದ ಕೋಟೆಯಂಥ ಕಟ್ಟಡ. ರೈಲುಗಳು 2013ರಲ್ಲೇ ನಿಂತವು. ಅಜ್ಜ ಅದರತ್ತ ಕೈ ತೋರಿಸಿ ಏನೋ ಉದ್ದಕ್ಕೆ ಹೇಳಿದ, ಅರ್ಥವಾಗಲಿಲ್ಲ. ಇಳಿದವನು ತಿರುಗಿ ಕೈ ಬೀಸಿ ಗುಂಪಿನಲ್ಲಿ ಕರಗಿದ. ನಾನು ಇಳಿದು, ದಕ್ಕೆಯಲ್ಲೇ ಸರದಿಗೆ ನಿಂತು, ಮುಂದಿನ ಹಡಗಿಗೆ ಯುರೋಪಿಗೆ ಹೊರಟೆ. ಸಂಜೆಯವರೆಗೂ ಇದೇ ಕಸುಬು.

ಮರುದಿನ, ಕಟ್ಟಳೆಯ ಪ್ರಕಾರ, 25 ಯೂರೊ ತೆತ್ತು ಹಗಿಯಾ ಸೋಫಿಯಾದ ಮೇಲಂತಸ್ತಿಗೆ ಹೋದೆ. ಪಕ್ಕದ ಗುಂಪಿಗೆ ಗೈಡ್ ಹುಡುಗಿ, ಈ ಗುಮ್ಮಟದ ಅಡ್ಡಳತೆ 31 ಮೀಟರು, ನೋಡಿ, ನೋಡಿ ಎನ್ನುತ್ತಿದ್ದಳು. ನಮ್ಮ ಗೋಲಗುಮ್ಮಟದ ಒಳಗೇ 38 ಮೀಟರು ಇದೆ ತಂಗಿ, ಮೇಲಾಗಿ ಪಿಸುಗುಟ್ಟಿದರೂ ಆಚೆ ಬದಿಗೆ ಕೇಳಿಸುತ್ತದೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು, ಇದು ಮುಗಿದದ್ದು 537ರಲ್ಲಿ ಎಂದಳು. ನಮ್ಮದು 1656. ಸಾವಿರಕ್ಕೂ ಮಿಕ್ಕಿದ ವರ್ಷಗಳ ಅಂತರವನ್ನು ಮನಸ್ಸಿನಲ್ಲೇ ಕಳೆದು ನೋಡಿ, ತೆರೆದ ಬಾಯಿಗೆ ಉಳಿದಿದ್ದ ಸಿಮಿತ್ ತುಂಡು ಹಾಕಿಕೊಂಡೆ.